ಕೆರೆದ ಅರಗು

ಚನ್ನಪಟ್ಟಣ, 6 ಮಾರ್ಚ್ 1911. ಸೋಮವಾರ

ಬೆಳಿಗ್ಗೆ ಹನ್ನೆರಡು ಬುಗುರಿ ಕಡೆದೆ. ಎರಡು ಸೀಳಿದವು — ಮರ ಇನ್ನೂ ಹಸಿ. ಒಣಗಿದೆ ಎಂದು ಪ್ರಮಾಣ ಮಾಡಿ ಕೊಟ್ಟವನ ನಾಲಿಗೆಗೆ ಹುಳ ಬೀಳಲಿ.

ಮಧ್ಯಾಹ್ನ ಕೂಟಗಲ್ಲಿನ ರಾಮಲಿಂಗಯ್ಯ ಗಾಡಿಯಲ್ಲಿ ಒಂದು ತೊಟ್ಟಿಲು ತಂದರು. ನೋಡಿದ ಕೂಡಲೇ ಗೊತ್ತಾಯಿತು — ನಮ್ಮ ಅಬ್ಬಾ ಕಡೆದದ್ದು. ಗಿಣಿಯ ಕೊಕ್ಕನ್ನು ಹಾಗೆ ಬಾಗಿಸುವವರು ಈ ಊರಲ್ಲಿ ಇನ್ನೊಬ್ಬರಿರಲಿಲ್ಲ. ಹನ್ನೆರಡು ವರ್ಷ ಅಟ್ಟದ ಮೇಲಿತ್ತಂತೆ. ಈಗ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ.

"ಹಳೇದು ಅಂತ ಗೊತ್ತಾಗ್ಕೂಡ್ದು ಸಾಬ್ರೇ. ಬೀಗ್ರು ಬತ್ತಾರೆ."

"ನೀವೇ ಗುರ್ತು ಹಿಡಿಯಾಕಿಲ್ಲ, ಬುಡಿ" ಅಂದೆ. ಬಾಯಿ ಜಾಸ್ತಿ ನನ್ನದು.

ಒಂದು ಕಾಲು ಹುಳು ತಿಂದಿದೆ. ಒಂದು ಗಿಣಿಗೆ ರೆಕ್ಕೆ ಇಲ್ಲ. ಮೇಲಿನ ಕೋಲನ್ನು ಒಂದು ತುದಿಯಲ್ಲಿ ಇಲಿ ಕಡಿದಿದೆ. ಎಲ್ಲ ಸರಿಹೋಗುತ್ತದೆ.

8 ಮಾರ್ಚ್

ಹೊಸ ಕಾಲು ಕಡೆದೆ. ಗಿಣಿಗೆ ರೆಕ್ಕೆ ಕೂರಿಸಿದೆ. ಹಸಿರು ಮಾತ್ರ ಅಬ್ಬಾನ ಹಸಿರು ಆಗುತ್ತಿಲ್ಲ. ಮೂರು ಸಲ ಅರಗು ಕಾಯಿಸಿ ಬಣ್ಣ ಬೆರೆಸಿದೆ. ನಾಲ್ಕನೆಯದು ಸುಮಾರಾಗಿದೆ. ಖತೀಜಾ ನೋಡಿ, "ಅಬ್ಬಾಜಾನ್ ಕಂಡಿದ್ದರೆ ಬೈಯುತ್ತಿರಲಿಲ್ಲ" ಅಂದಳು. ನನ್ನ ಹೆಂಡತಿಯ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ.

9 ಮಾರ್ಚ್, ಸಂಜೆ

ರಾಮಲಿಂಗಯ್ಯನ ಹೆಂಡತಿ ಮಾಯಮ್ಮ ಬಂದಿದ್ದರು. ಗಾಡಿಯ ಚಲುವಯ್ಯ ಸಂತೆಗೆ ಬಂದವನು ಕರೆತಂದನಂತೆ. ನಾನು ಕಾಲಿಗೆ ಅರಗು ಹಿಡಿಯುತ್ತಿದ್ದೆ. ತಿರುಗುವ ಮರದ ಮೇಲೆ ಅರಗು ಕರಗುವಾಗ ಕೈ ತೆಗೆಯುವ ಹಾಗಿಲ್ಲ.

"ಸಾಬ್ರೇ… ಆ ಮೇಲಿನ ಕೋಲು… ಒಸಿ…"

"ಕೆಲ್ಸದಲ್ಲಿದೀನಿ ತಾಯಿ. ಹೊಸದರಂಗೆ ಮಾಡ್ಕೊಡ್ತೀನಿ, ಹೋಗಿ ಬನ್ನಿ."

ಒಸಿ ಹೊತ್ತು ನಿಂತಿದ್ದು ಹೋದರು. ಹೆಂಗಸರಿಗೆ ಎಲ್ಲದಕ್ಕೂ ಅವಸರ. ಆಮೇಲೆ ಕೋಲನ್ನೂ ತಿರುಗಣೆಗೆ ಹೂಡಿ, ಹಳೆಯ ಕೆಂಪು ಅರಗು ಕೆರೆಯಲು ಉಳಿ ಹಿಡಿದೆ. ಇಲಿ ಕಡಿದ ಕಡೆ ಒಂದು ನೂಲು ಆಳಕ್ಕೆ ಕೆರೆಯಬೇಕಾಯಿತು.

11 ಮಾರ್ಚ್

ಮುಗಿಯಿತು. ಕೋಲಿಗೆ ಕೆಂಪು, ಕೇದಗೆ ಗರಿ ಹಾಕಿ ಉಜ್ಜಿದ್ದು. ಮುಖ ಕಾಣುತ್ತದೆ. ಬೀದಿಯವರೆಲ್ಲ ಬಂದು ನೋಡಿದರು. ಇವತ್ತು ಅಬ್ಬಾ ಇರಬೇಕಿತ್ತು.

14 ಮಾರ್ಚ್, ಮಂಗಳವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆಯೂ ಇಲ್ಲ.

ಗಂಡ ಹೆಂಡತಿ ಇಬ್ಬರೂ ಬಂದರು. ರಾಮಲಿಂಗಯ್ಯ, "ಭಲೇ ಸಾಬ್ರೇ!" ಎಂದು ಬೆನ್ನು ತಟ್ಟಿದರು. ಮಾಯಮ್ಮ ಕೋಲಿನ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಸವರಿದರು. ಮತ್ತೆ ಆ ತುದಿಯಿಂದ ಈ ತುದಿಗೆ.

"ಇಲ್ಲಿತ್ತಲ್ಲ ಸಾಬ್ರೇ…"

"ಏನು ತಾಯಿ?"

"ಹಲ್ಲು. ನನ್ ಗಂಡು ಕೂಸಿಂದು. ಎಂಟು ತಿಂಗ್ಳಿಗೆ ಎರಡೇ ಹಲ್ಲು ಬಂದಿದ್ದೊ. ಈ ಕೋಲ ಕಚ್ಕಂಡೇ ನಿಂತ್ಕತಿದ್ದ. ಆಮ್ಯಾಲೆ ಪಿಲೇಗು ಬಂತಲ್ಲ… ಮೂರೇ ದಿನ. ಅದೊಂದ ಬುಟ್ಬುಡಿ ಅಂತ ಹೇಳಾಕೇ ಬಂದಿದ್ದೆ ಅವತ್ತು. ನೀವು ಕೆಲ್ಸದಲ್ಲಿದ್ರಿ."

ರಾಮಲಿಂಗಯ್ಯ ತಲೆ ತಗ್ಗಿಸಿದರು. ಅವರಿಗೂ ಗೊತ್ತಿರಲಿಲ್ಲವಂತೆ. ಹನ್ನೆರಡು ವರ್ಷ ಆಕೆ ಒಬ್ಬಳೇ ಅಟ್ಟ ಹತ್ತಿ ಮುಟ್ಟಿ ಬರುತ್ತಿದ್ದರಂತೆ.

"ಚೆಂದಾಗೈತೆ ಬುಡಿ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೋಗುವಾಗ ತಿರುಗಿ ನಿಂತು, "ಕೆರ್ದ ಅರಗು ಐತಾ? ಪುಡಿನೇ ಆಗ್ಲಿ" ಅಂದರು. ಹುಡುಕುತ್ತೇನೆ ಅಂದೆ.

ಅದೇ ದಿನ, ಮತ್ತೆ

ಹಿಂದಿನ ಹಾಳೆ ತಿರುವಿ ನೋಡಿದೆ. ಇಲಿ ಎಂದು ಬರೆದಿದ್ದೇನೆ. ಎರಡೇ ಗುರುತು, ಜೊತೆಜೊತೆಗೆ, ಎಳೆಯವು… ಇಲಿಯಂತೆ! ಅವರು ಬಂದಾಗ ಆ ಕೋಲು ಗೋಡೆಗೆ ಒರಗಿ ಹಾಗೇ ಇತ್ತು. ಕೆರೆದದ್ದು ಆಮೇಲೆ. ಒಂದು ಮಾತು ಕೇಳಿಸಿಕೊಂಡಿದ್ದರೆ ಸಾಕಿತ್ತು. ಕಾಲಿನ ಅರಗು ಕೆಡುತ್ತಿತ್ತು, ಕೆಡಲಿ. ಇನ್ನೊಂದು ಸಲ ಹಿಡಿಯಬಹುದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

15 ಮಾರ್ಚ್

ಕೆರೆದ ಅರಗನ್ನು ಎಸೆಯುವುದಿಲ್ಲ ನಾವು. ಡಬ್ಬಿಯಲ್ಲಿ ಕೂಡಿಡುತ್ತೇವೆ, ಕರಗಿಸಿ ಬುಗುರಿಗೆ ಹಾಕುತ್ತೇವೆ. ಖತೀಜಾಳನ್ನು ಕೇಳಿದೆ. ಶನಿವಾರವೇ ಕರಗಿಸಿದ್ದಾಳೆ. ಭಾನುವಾರ ನಾನೇ ನಲವತ್ತು ಬುಗುರಿಗೆ ಬಳಿದು ಊರೂರು ತಿರುಗುವ ವ್ಯಾಪಾರಿಗೆ ಕೊಟ್ಟೆ. ಯಾವ ಊರಿನ ಯಾವ ಮಕ್ಕಳು ಆಡಿಸುತ್ತಿವೆಯೋ.

ಡಬ್ಬಿಯ ತಳದಲ್ಲಿ ಹುಣಸೆ ಬೀಜದಷ್ಟು ಕೆಂಪು ಅಂಟಿಕೊಂಡಿತ್ತು. ಅದರದೋ, ಹಳೆಯದೋ. ಕೆಂಪು ಅರಗೆಲ್ಲ ಒಂದೇ.

31 ಮಾರ್ಚ್, ಶುಕ್ರವಾರ

ಇಷ್ಟು ದಿನ ಕೆಲಸವಿಲ್ಲ. ಕೂತರೆ ಉಳಿ ಹಿಡಿಯಲು ಕೈ ಬರುವುದಿಲ್ಲ. ಚಲುವಯ್ಯ ಸುದ್ದಿ ತಂದ — ಗಂಡು ಮಗು, ತಾಯಿ ಮಗು ಚೆನ್ನಾಗಿದ್ದಾರೆ. ಅಲ್ಲಾ ದೊಡ್ಡವನು.

ಖತೀಜಾ ಆ ಕೆಂಪು ಚೂರನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಜೇಬಿಗೆ ಹಾಕಿದಳು. "ಹೋಗಿ ಕೊಡಿ."

"ಇದು ಅದಲ್ಲದಿದ್ದರೆ?"

"ಹೇಳುವುದೂ ಬಿಡುವುದೂ ನಿಮ್ಮ ಬಾಯಲ್ಲೇ ಇದೆ" ಅಂದಳು.

2 ಏಪ್ರಿಲ್, ಭಾನುವಾರ

ಕ್ಲೋಸ್‌ಪೇಟೆವರೆಗೆ ರೈಲು. ಅಲ್ಲಿಂದ ಕೂಟಗಲ್ಲಿಗೆ ನಡೆದೆ. ಮಗು ನನ್ನ ತೊಟ್ಟಿಲಲ್ಲಿ ಮಲಗಿತ್ತು. ಕೋಲು ಕಣ್ಣು ಕೋರೈಸುವಂತೆ ಹೊಳೆಯುತ್ತಿತ್ತು. ನೋಡಲಾಗಲಿಲ್ಲ.

ಮಾಯಮ್ಮ ಮಜ್ಜಿಗೆ ಕೊಟ್ಟರು. ನಾನು ಬಟ್ಟೆ ಬಿಚ್ಚಿ ಕೊಟ್ಟೆ. ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಹೆಬ್ಬೆರಳಿಂದ ಸವರಿದರು.

"ಇದ್ರಲ್ಲೈತಾ ಸಾಬ್ರೇ? ಅವ್ನು ಕಚ್ಚಿದ್ದು?"

ನಾನು, "ಐತೆ ತಾಯಿ" ಅಂದೆ.