ಒಂಬತ್ತನೇ ಪಂಕ್ತಿಯ ಬಿಲ್ಲೆ

ದಕ್ಷಿಣ ಅಟ್ಲಾಂಟಿಕ್ ಸಮುದ್ರ
ಅಕ್ಟೋಬರ್, 1853

ಮುನಿಸಿಕೊಂಡಿದ್ದರೂ ನನ್ನ ಅಮ್ಮನೇ ಆದ ನಿನಗೆ, ಲವ್‌ಡೇ ಮಾಡುವ ವಂದನೆಗಳು.

ನೀನು ಪ್ಲಿಮತ್ ಬಂದರಿಗೆ ಬರಲಿಲ್ಲ. ಅದಕ್ಕೆ ಕೋಪವಿಲ್ಲ ಎಂದು ಬರೆಯಬೇಕೆಂದಿದ್ದೆ. ಆದರೆ ಇದೆ, ಸ್ವಲ್ಪ. ಗಂಡನ ಚಿನ್ನದ ಹುಚ್ಚಿಗೆ ನೀನೇಕೆ ಕುಣಿಯುತ್ತೀ ಎಂದು ನೀನು ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಆಗಲೇ ನನಗೆ ಐದು ತಿಂಗಳಾಗಿತ್ತು, ಅಮ್ಮ. ಹೇಳಿದ್ದರೆ ನೀನು ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ. ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟವಳು ಮೂರನೆಯದನ್ನು ಹೊತ್ತು ಸಮುದ್ರಕ್ಕೆ ಹೊರಟರೆ ಯಾವ ತಾಯಿ ಬಿಟ್ಟಾಳು? ದಪ್ಪ ಶಾಲು ಹೊದ್ದು ಹಡಗಿನ ಡಾಕ್ಟರ ಕಣ್ಣಿಗೂ ಮಣ್ಣೆರಚಿದೆ.

ಕೂಸು ಏಳು ತಿಂಗಳಿಗೇ ಬಂತು. ಹೆಣ್ಣು. ಅಳಲಿಲ್ಲ, ಬೆಕ್ಕಿನ ಮರಿಯ ಹಾಗೆ ಕುಂಯ್‌ಗುಟ್ಟಿತು ಅಷ್ಟೆ. ಹಾಲಿಗೆ ಬಾಯಿ ಹಾಕಲಿಲ್ಲ, ಚಮಚದಲ್ಲಿ ತೊಟ್ಟಿಕ್ಕಿಸುತ್ತಿದ್ದೆವು. ಬೆಚ್ಚಗಿಟ್ಟರೆ ಉಳಿದೀತು ಎಂದರು ಡಾಕ್ಟರು. ನಾವಿರುವ ಕೆಳಗಿನ ಅಂತಸ್ತಿನಲ್ಲಿ ಮೈ ಕೊರೆಯುವ ಚಳಿ, ಬೆಂಕಿ ಹಚ್ಚುವಂತಿಲ್ಲ. ಒಲೆ ಇರುವುದು ಮೇಲಿನ ಅಡುಗೆಕೋಣೆಯಲ್ಲಿ ಮಾತ್ರ.

ಅಲ್ಲಿ ಅಡುಗೆಯವ ಡಗ್ಗನ್‌ನದೇ ಕಾನೂನು. ಎಂಟೆಂಟು ಜನಕ್ಕೆ ಒಂದು ಊಟದ ಪಂಕ್ತಿ. ಪ್ರತಿ ಪಂಕ್ತಿಯವರೂ ಕಡುಬನ್ನು ಬಟ್ಟೆಯಲ್ಲಿ ಕಟ್ಟಿ, ತಮ್ಮ ಸಂಖ್ಯೆಯ ಮರದ ಬಿಲ್ಲೆ ತೂಗಿಸಿ ಅವನಿಗೆ ಕೊಡಬೇಕು. ಬಿಲ್ಲೆ ಇಲ್ಲದ್ದು ಒಲೆಯ ಹತ್ತಿರ ಸುಳಿಯುವಂತಿಲ್ಲ. "ನಿನ್ನ ಮಗಳಾದ್ರೂ ಅಷ್ಟೇ ಕಣಮ್ಮ" ಎಂದು, ಉಣ್ಣೆಬಟ್ಟೆ ಸುತ್ತಿದ ಕೂಸಿಗೆ ನಮ್ಮ ಒಂಬತ್ತರ ಬಿಲ್ಲೆ ಕಟ್ಟಿ ಒಲೆಯ ಪಕ್ಕ ಮಲಗಿಸಿಕೊಂಡ.

ಹೋದ ಭಾನುವಾರ ಹಡಗು ಹೊಯ್ದಾಡುತ್ತಿತ್ತು, ಅಡುಗೆಕೋಣೆಯ ತುಂಬ ಹಬೆ. ಕೂಸಿನ ಕಾವಲಿಗೆ ಕೂತ ನನ್ನ ಗಂಡ ಹೋಸ್ಕನ್ ಎಷ್ಟು ಆಳ ಅಗೆದರೆ ಚಿನ್ನ ಸಿಗುತ್ತದೆಂದು ಯಾರಿಗೋ ಪಾಠ ಹೇಳುತ್ತಿದ್ದನಂತೆ. ಆರನೇ ಪಂಕ್ತಿಯ ಎಫಿ ಎಂಬ ಸ್ಕಾಟ್ಲೆಂಡಿನವಳು ಬಿಲ್ಲೆ ನೋಡದೆ ಬೆಚ್ಚಗಿನ ಗಂಟೊಂದನ್ನು ಎತ್ತಿಕೊಂಡು ಕೆಳಗಿಳಿದು, ಮೇಜಿನ ಮೇಲಿಟ್ಟು ದಾರ ಬಿಚ್ಚಿದಳು. ತಣ್ಣನೆ ಗಾಳಿ ಸೋಕಿದ್ದೇ ನನ್ನ ಮಗಳು ಕಿರುಚಿದಳು. "ನಮ್ಮ ಕಡುಬು ಅಳ್ತಾ ಇದೆ ಕಣ್ರೇ" ಎಂದು ಎಫಿ ಕೂಗಿಕೊಂಡಳು. ಮಗುವಿನ ಆ ಅಳು ನನ್ನ ಹಾಸಿಗೆಯವರೆಗೂ ಬಂತು. ಯಾರ ಮಗುವೆಂದು ಒಂದು ಕ್ಷಣ ತಿಳಿಯಲಿಲ್ಲ; ನನ್ನ ರವಿಕೆ ಒದ್ದೆಯಾದಾಗ ತಿಳಿಯಿತು. ಅವತ್ತೇ ಅವಳು ಮೊದಲ ಸಲ ಬಾಯಿ ಹಾಕಿ ಹಾಲು ಕುಡಿದಳು. ನಾನು ಅತ್ತೆ. ಎಫಿಯೂ ಅತ್ತಳು. ಡಗ್ಗನ್ ಮಾತ್ರ ಬಂದು, "ಬಿಲ್ಲೆ ನೋಡಿ ತಗೊಳ್ಳಿ ಅಂತ ಎಷ್ಟು ಸಲ ಬಡ್ಕೊಳ್ಳೋದು? ನಿಮ್ಮದಿನ್ನೂ ಬೆಂದೇ ಇಲ್ಲ" ಎಂದು ಅವಳನ್ನು ಬೈದು ಹೋದ.

ಈಗ ಅವಳ ಅರಚಾಟಕ್ಕೆ ಪಂಕ್ತಿಯವರೆಲ್ಲ ಗೊಣಗುತ್ತಾರೆ. ನನಗೆ ಕೇಳಿದಷ್ಟೂ ಸಾಲದು. ಊರ ಕಡೆ ಹೊರಟ ಹಡಗೊಂದು ಪಕ್ಕದಲ್ಲಿ ನಿಂತಿದೆ. ಕಾಗದಗಳನ್ನು ಒಯ್ಯಲು ದೋಣಿ ಇಳಿಸುತ್ತಿದ್ದಾರೆ.

ನಿನ್ನ ಹಟಮಾರಿ ಮಗಳು,
ಲವ್‌ಡೇ

ತಾ. ಕ.: ಈ ಹಡಗು ಹೋದ ಶನಿವಾರವೇ ಸಿಕ್ಕಿದ್ದರೆ ನಿನಗೆ ಕಾಗದ ಬರುತ್ತಿರಲಿಲ್ಲ, ನಾನೇ ಬರುತ್ತಿದ್ದೆ. ಈ ಕೂಸೂ ಉಳಿಯದೆಂದು ಬಟ್ಟೆಬರೆ ಕಟ್ಟಿಟ್ಟುಕೊಂಡಿದ್ದೆ, ಹೋಸ್ಕನ್‌ಗೆ ಇದು ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಆ ಗಂಟು ಬಿಚ್ಚಿ, ನನ್ನ ಒಳ್ಳೆಯ ಲಂಗ ಕತ್ತರಿಸಿ ಮಗಳಿಗೆ ಅಂಗಿ ಹೊಲಿಯಲು ಕೂತಿದ್ದೇನೆ. ಬೆಳೆಯುವ ಮಗು, ದೊಡ್ಡ ಅಳತೆಯನ್ನೇ ಹಿಡಿದಿದ್ದೇನೆ.