ಆ ಸಂಜೆಯ ಚಪ್ಪಾಳೆ

ಹಬ್ಬುವಾಡ, ಕಾರವಾರ
ಆಗಸ್ಟ್ ೨೦೦೮

ಪ್ರೀತಿಯ ನಿತೇಶ,

ನೀನು ಕೇಳಿದ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿ ಮುಗಿಸುವ ಕಾಲ ನಮ್ಮಿಬ್ಬರ ಪಾಲಿಗೆ ಮುಗಿಯಿತು. ಟ್ರಾಲರಿನ ಎಂಜಿನ್ ನಿನ್ನ ಕಿವಿ ತಿಂದು ಎರಡು ಮಳೆಗಾಲವಾಯಿತು. ಎದುರು ಕುಳಿತು ತುಟಿ ಆಡಿಸಿ ಹೇಳಬಹುದಿತ್ತು. ಆದರೆ ನೀನು ಅರ್ಧ ಓದಿಕೊಂಡು ಉಳಿದರ್ಧವನ್ನು ನಿನಗೆ ಬೇಕಾದಂತೆ ತುಂಬಿಕೊಳ್ಳುತ್ತೀಯ. ಈ ವಿಷಯದಲ್ಲಿ ಹಾಗಾಗಬಾರದು.

ಕಡಲತೀರದ ವೇದಿಕೆಯಿಂದ ಇಳಿದು ಡ್ರಮ್ಮುಗಳನ್ನು ಟೆಂಪೋಗೆ ಏರಿಸುವಾಗ ನೀನು ಕೇಳಿದೆ: “ಆ ಚಪ್ಪಾಳೆ ನಮ್ಗೇ ಅಲ್ವನಾ?” ಕಿವಿ ಹೋದಮೇಲೆ ನಿನ್ನ ದನಿ ಎಷ್ಟು ದೊಡ್ಡದಾಗಿದೆ ಎಂಬುದು ನಿನಗೆ ತಿಳಿಯದು. ಐಸ್‌ಕ್ರೀಮ್ ಗಾಡಿಯವನೂ ತಿರುಗಿ ನೋಡಿದ. ನಿನ್ನ ಆಯಿ, ಹೆತ್ತವಳಲ್ಲವೇ, ಹೌದೆಂದು ತಲೆಯಾಡಿಸಿದಳು. ನಾನು ವೈರು ಸುತ್ತುತ್ತ ನೆಲ ನೋಡಿದೆ. ನೀನು ನನ್ನ ಹೆಗಲು ಹಿಡಿದು ಅಂದೆ: “ಆಯಿ ಮಾತು ಬಿಡು, ನಿನ್ನೆಯ ಬಂಗಡೆನೂ ಈಗ ಬಂದದ್ದು ಅಂತ ಮಾರೂಳು ಅವ್ಳು. ನೀ ಪೇಪರಿನಂವ. ಖರೇ ಎಷ್ಟೋ ಅಷ್ಟು ಬರ್ದು ಕಳ್ಸು. ಒಬ್ರು ಕೇಳಿದ್ರೂ ಸಾಕು, ಮುಂದಿನ ವರ್ಷ ಮತ್ತೆ ಮಾಡ್ವಾ. ಯಾರೂ ಕೇಳ್ಲಿಲ್ಲ ಅಂದ್ರೆ ಡ್ರಮ್ಮು ನಮ್ಮ ಕೇಣಿ ಊರಿನ ಭಜನೆಯವ್ರಿಗೆ ಕೊಟ್ಬಿಡು.”

ಆ ಡ್ರಮ್ಮುಗಳು ಈಗ ನಮ್ಮ ಮನೆಯ ಹೊರಕೋಣೆಯಲ್ಲಿವೆ. ಅವುಗಳ ಎದುರಿಗೇ ಕುಳಿತು ಬರೆಯುತ್ತಿದ್ದೇನೆ.

ಮೊದಲು ಹಳೆಯದನ್ನು ಹೇಳುತ್ತೇನೆ. ಇಲ್ಲದಿದ್ದರೆ ಅಂದೂ ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ ಎಂದು ನೀನು ಸಮಾಧಾನ ಮಾಡಿಕೊಂಡೀಯ. ಕಾಲೇಜು ಬಿಟ್ಟ ವರ್ಷ ನಾವು ಮೂವರು ಸೇರಿ ಬ್ಯಾಂಡ್ ಕಟ್ಟಿದೆವು. ದತ್ತಾ ಗಿಟಾರು ಹಿಡಿದು ತಾನೇ ಬರೆದದ್ದನ್ನು ಹಾಡುತ್ತಿದ್ದ, ನಾನು ಬೇಸ್ ನುಡಿಸುತ್ತಿದ್ದೆ. ನೀನು ಕೇಣಿಯ ದಂಡೆಯಲ್ಲಿ ಡೀಸೆಲ್ಲಿನ ನೀಲಿ ಪೀಪಾಯಿ ಮತ್ತು ಮೀನಿನ ಕ್ರೇಟುಗಳ ಮೇಲೆ ಕೈ ಪಳಗಿಸಿಕೊಂಡವನು. ದೋಣಿ ನಡೆಸುವ ಹಿರಿಯನ ಹೆಸರನ್ನೇ ಬ್ಯಾಂಡಿಗೆ ಇಟ್ಟೆವು, ತಾಂಡೇಲ್ ಎಂದು. ನಮ್ಮ ಬೆಳಂಬಾರದ ಶಾಲೆ ಮೈದಾನದಲ್ಲಿ ನುಡಿಸಿದ ದಿನ ನಡುವೆ ಕರೆಂಟು ಹೋಯಿತು. ಕತ್ತಲಲ್ಲಿ ಕುಳಿತ ಜನ ಏಳಲಿಲ್ಲ. ಬೆಳಕು ಬಂದಮೇಲೆ ನಾವು ನಿಲ್ಲಿಸಿದಲ್ಲಿಂದ ಹಚ್ಚಿಕೊಂಡಾಗ ಗದ್ದೆ ಕೆಲಸದ ಜಾನಕಿ ಎದ್ದು ನಿಂತು ಗದರಿದಳು: “ಅರ್ಧದಿಂದ ಎಂತಕ್ಕೆ? ಮೊದ್ಲಿಂದ ಹಚ್ರೋ. ಕಿವಿ ಕಚ್ತದೆ ನಿಮ್ದು, ಆದ್ರೆ ಬಿಟ್ ಹೋಗೂಕೆ ಆಗೂದಿಲ್ಲ.” ಆಮೇಲೆ ನನ್ನ ಹೆಸರಿನಲ್ಲಿ ಬಂದ ಯಾವ ವರದಿಗೂ ಅಂಥ ಮಾತು ಸಿಕ್ಕಿಲ್ಲ.

ಆಮೇಲಿನದು ನಿನಗೆ ಗೊತ್ತು. ನಿನ್ನ ಅಪ್ಪ ತೀರಿದ ಮೇಲೆ ನೀನು ಟ್ರಾಲರಿನ ಡ್ರೈವರ್ ಆದೆ, ದತ್ತಾ ಗ್ಯಾಸ್ ಏಜೆನ್ಸಿ ಸೇರಿದ, ನಾನು ಪೇಪರು ಸೇರಿದೆ. ಎಂಜಿನ್ನಿನ ತಲೆಯ ಮೇಲಿನ ಕ್ಯಾಬಿನ್ನಿನಲ್ಲಿ ವರ್ಷಗಟ್ಟಲೆ ಕುಳಿತವರ ಕಿವಿ ಹೋಗುವುದು ನಮ್ಮ ಕಡೆ ಸುದ್ದಿಯೂ ಅಲ್ಲ. ನಾನೂ ಬರೆಯಲಿಲ್ಲ. ಈಗ ನೀನು ಅದೇ ಬೋಟಿನಲ್ಲಿ ಬಲೆ ಎಳೆಯುವವರಲ್ಲೊಬ್ಬ.

ಈ ಬೇಸಿಗೆಯಲ್ಲಿ ಪುರವಣಿಯವರು ನನಗೊಂದು ಕೆಲಸ ಕೊಟ್ಟರು. ಇಂದಿನ ಕೇಳುಗರಿಗೆ ರಾಕ್ ಸಂಗೀತ ಇನ್ನೂ ಮುಖ್ಯವೇ, ನಿಮ್ಮ ಊರಲ್ಲಿ ವಿಚಾರಿಸಿ ಬರೆಯಿರಿ ಎಂದರು. ನಾನು ತಿರುಗಿದೆ. ನಾವು ಕ್ಯಾಸೆಟ್ಟು ತುಂಬಿಸಿಕೊಳ್ಳುತ್ತಿದ್ದ ಅಂಗಡಿಯಲ್ಲಿ ಈಗ ಮೊಬೈಲ್ ರೀಚಾರ್ಜ್ ಮಾಡುತ್ತಾರೆ. ಮೆಮರಿ ಕಾರ್ಡಿಗೆ ಹಾಡು ತುಂಬಿ ಕೊಡುವ ಕುಪ್ಪನನ್ನು ಕೇಳಿದೆ, ಗಿಟಾರು ಡ್ರಮ್ಮಿನ ಹಾಡು ಯಾರಾದರೂ ಕೇಳಿಕೊಂಡು ಬರುತ್ತಾರಾ ಎಂದು. “ಹಾಡಿನ ಹೆಸ್ರು ಹೇಳೂದೇ ಇಲ್ಲ ಮಾರಾಯಾ. ಜಾಗ ತುಂಬೂವಷ್ಟು ಹಾಕು ಅಂತ್ರು” ಅಂದ. ಕಾಲೇಜಿನ ಗೇಟಿನಲ್ಲಿ ತಲೆಬುರುಡೆ, ಗಿಟಾರು ಇರುವ ಕಪ್ಪು ಅಂಗಿ ತೊಟ್ಟ ಪ್ರಗತಿ ಎಂಬ ಹುಡುಗಿ ಸಿಕ್ಕಳು. ನನಗೆ ಆಸೆ ಚಿಗುರಿತು. ಯಾವ ಬ್ಯಾಂಡ್ ಕೇಳ್ತೀಯಮ್ಮಾ ಎಂದೆ. “ಇದು ಬ್ಯಾಂಡಿಂದಾ ಅಂಕಲ್? ಬಟ್ಟೆ ಚಲೋ ಇತ್ತು, ತಕ್ಕಂಡೆ” ಅಂದಳು. ಕೆಟ್ಟ ಹುಡುಗಿಯಲ್ಲ. ನನ್ನ ಮುಖ ನೋಡಿ ಪಾಪ ಅನಿಸಿರಬೇಕು, ಬಸ್ಸಿನಲ್ಲಿ ಕೂತಾಗ ಏನು ಹಾಕಿದರೂ ಕೇಳುತ್ತೇನೆ ಎಂದು ಸೇರಿಸಿದಳು. ನಾನು ಅದನ್ನೂ ಬರೆದೆ. ಪುರವಣಿಯವರು ಒಂದು ಮೂಲೆಯಲ್ಲಿ ಹಾಕಿದರು.

ಬೈಯುವವರು ಸಿಕ್ಕಿದ್ದರೂ ಸಮಾಧಾನವಿರುತ್ತಿತ್ತು, ನಿತೇಶ. ನಮ್ಮ ಕಾಲದಲ್ಲಿ ಬೈಯುತ್ತಿದ್ದರು. ಮಕ್ಕಳು ಹಾಳಾಗುತ್ತಾರೆ, ಇದು ಸಂಗೀತವೇ ಅಲ್ಲ ಎನ್ನುತ್ತಿದ್ದರು. ಬೈಯಲು ಮೊದಲು ಕೇಳಬೇಕಲ್ಲ. ಈಗ ಯಾರಿಗೂ ಸಿಟ್ಟಿಲ್ಲ.

ಇಷ್ಟೆಲ್ಲ ತಿಳಿದೂ ನಾನೇ ಯುವಕ ಸಂಘದ ಜಗದೀಶನ ಹತ್ತಿರ ಹೋಗಿ, ನೂಲು ಹುಣ್ಣಿಮೆಯ ಮಾರನೆಯ ಸಂಜೆಯ ಕಾರ್ಯಕ್ರಮದಲ್ಲಿ ನಮಗೊಂದು ಹಾಡಿನ ಜಾಗ ಕೇಳಿದೆ. ಮೀನುಗಾರಿಕೆ ನಿಂತ ತಿಂಗಳುಗಳಲ್ಲಿ ನೀನು ಮನೆಯಲ್ಲಿ ಕುಳಿತು ಊಟದ ತಟ್ಟೆಯ ಮೇಲೆ ಬೆರಳು ಬಡಿಯುತ್ತಿದ್ದೀಯ ಎಂದು ನಿನ್ನ ಆಯಿ ಹೇಳಿದ್ದಳು. ಕೇಳದವನು ತಾಳ ಹಿಡಿಯುವುದು ಹೇಗೆ ಎಂದು ದತ್ತಾ ನಕ್ಕ. ದಾರಿ ತೋರಿಸಿದವಳೂ ಆಯಿಯೇ. ರಂಪಣಿ ಬಲೆ ಎಳೆಯುವಾಗ ಎರಡು ತುದಿಯ ಹಗ್ಗ ಹಿಡಿದವರು ದಂಡೆಯಲ್ಲಿ ದೂರ ದೂರ ನಿಂತಿರುತ್ತಾರೆ, ತೆರೆಯ ಸದ್ದಿನಲ್ಲಿ ಕೂಗು ತಲುಪುವುದಿಲ್ಲ. ನಡುವೆ ನಿಂತವರು ಬಟ್ಟೆ ಬೀಸುತ್ತಾರೆ. ಮೇಲೆತ್ತಿದರೆ ಎಳೆ, ಅಡ್ಡ ಹಿಡಿದರೆ ತಡೆ, ಪೂರ್ತಿ ಇಳಿಸಿದರೆ ಬಲೆ ದಡ ಸೇರಿತು. “ಅಷ್ಟೂ ಜನ ಕಿವಿ ಇದ್ದೂ ಕಿವುಡ್ರೇ ಅಲ್ವನಾ ಅಲ್ಲಿ? ಹಂಗೇ ಮಾಡ್ವಾ” ಅಂದಳು. ಮೀನಿನ ಬುಟ್ಟಿಯ ಕೆಳಗೆ ತಲೆಗೆ ಇಟ್ಟುಕೊಳ್ಳುವ ಸಿಂಬಿಯ ಕೆಂಪು ಬಟ್ಟೆ ಬಿಚ್ಚಿ ನಮ್ಮ ಹೊರಕೋಣೆಯಲ್ಲಿ ನಿಂತಳು. ಆ ತಿಂಗಳುಗಳಲ್ಲಿ ಹಾಡು ಅವಳಿಗೆ ಬಾಯಿಪಾಠವಾಯಿತು. ಮೆಚ್ಚಿದಳು ಅಂತಲ್ಲ. “ಎಂಜಿನ್ ಸ್ಟಾರ್ಟ್ ಆಗೂಕೆ ಒದ್ದಾಡಿದ ಹಂಗೆ ಅದ್ಯೆ” ಎಂದು ದತ್ತಾನ ಮುಖಕ್ಕೇ ಹೇಳಿದಳು. ನೀನು ಕೇಳದೆಯೇ ನಕ್ಕೆ, ಅವಳ ತುಟಿ ನೋಡಿ.

ಇನ್ನು ಆ ಸಂಜೆ. ಮಳೆ ಬಿಡುವು ಕೊಟ್ಟಿತ್ತು, ಕುರ್ಚಿ ತುಂಬಿದ್ದವು. ಆಯಿ ವೇದಿಕೆಯ ಎಡ ಅಂಚಿನಲ್ಲಿ ನಿಂತಳು. ನಿನ್ನ ಕಣ್ಣು ಅವಳ ಬಟ್ಟೆಯ ಮೇಲಿತ್ತು, ದತ್ತಾ ಮತ್ತು ನಾನು ನಿನಗೆ ಬೆನ್ನು ಮಾಡಿ ಜನರ ಕಡೆ ನಿಂತಿದ್ದೆವು. ನೀನು ಮೊದಲ ಪೆಟ್ಟು ಹಾಕಿದಾಗ ಹಲಗೆ ನಡುಗಿ ನನ್ನ ಪಾದಕ್ಕೆ ತಾಗಿತು. ತಾಳ ಎಲ್ಲಿಯೂ ಜಾರಲಿಲ್ಲ. ಇದನ್ನು ಗೆಳೆಯನಾಗಿ ಹೇಳುತ್ತಿಲ್ಲ, ಅದು ನಡೆದದ್ದು.

ಜನ ಮಾತಾಡುತ್ತಿದ್ದರು. ಮುಂದಿನ ಸಾಲಿನವರು ಫೋನು ಎತ್ತಿ ಒಬ್ಬರಿನ್ನೊಬ್ಬರ ಫೋಟೋ ತೆಗೆಯುತ್ತಿದ್ದರು. ಹಾಡು ಅರ್ಧಕ್ಕೆ ಬಂದಾಗ ಗೇಟಿನ ಹತ್ತಿರ ಕಾರು ನಿಂತಿತು. ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಗೆದ್ದ ಗಾಯಕ, ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದ. ಜಗದೀಶ ಧ್ವನಿವರ್ಧಕದವನಿಗೆ ಕೈ ಮಾಡಿದ. ನಮ್ಮ ಗಿಟಾರು, ಬೇಸು, ದತ್ತಾನ ಮೈಕು ಒಟ್ಟಿಗೇ ಸತ್ತವು. ಜಗದೀಶ ಬೇರೊಂದು ಮೈಕಿನಲ್ಲಿ ಅತಿಥಿಯ ಹೆಸರು ಕೂಗಿದ. ಅಷ್ಟೂ ಜನ ಎದ್ದು ನಿಂತು, ಹಿಂದಕ್ಕೆ ತಿರುಗಿ ಚಪ್ಪಾಳೆ ತಟ್ಟಿದರು. ವೇದಿಕೆಯ ದೀಪ ನಿನ್ನ ಕಣ್ಣಿಗೆ ಹೊಡೆಯುತ್ತಿತ್ತು. ನಿನಗೆ ಕಂಡದ್ದು ಎದ್ದು ನಿಂತ ಜನ ಮತ್ತು ಆಡುವ ಕೈಗಳು. ನನಗೆ ಕಂಡದ್ದು ಅವರ ಬೆನ್ನು.

ದತ್ತಾ ಗಿಟಾರು ಕಳಚಿ ಬಲಬದಿಯಿಂದ ಕೆಳಗಿಳಿದ, ನಿನ್ನ ಕಣ್ಣು ಆಗಲೇ ಎಡಕ್ಕೆ, ಬಟ್ಟೆಗೆ ಮರಳಿತ್ತು. ನನ್ನ ಕೈ ನಿಂತಿತು. ಆಯಿಯ ಕೈ ನಿಲ್ಲಲಿಲ್ಲ. ಇಲ್ಲದ ಹಾಡಿಗೆ ಅವಳು ಮೇಲೆ, ಅಡ್ಡ, ಮತ್ತೆ ಮೇಲೆ ಬಟ್ಟೆ ಬೀಸುತ್ತ ಹೋದಳು, ನೀನು ಬಾರಿಸುತ್ತ ಹೋದೆ. ಕೊನೆಯ ಭಾಗವನ್ನು ನೀನು ಎಂದೂ ಅಷ್ಟು ಚೆನ್ನಾಗಿ ಬಾರಿಸಿರಲಿಲ್ಲ. ಅವಳು ಬಟ್ಟೆ ಇಳಿಸಿದಾಗ ನೀನು ಕೋಲು ಎತ್ತಿ ಜನರಿಗೆ ತಲೆಬಾಗಿದೆ. ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಅತಿಥಿ ಮೆಟ್ಟಿಲು ಹತ್ತುತ್ತಿದ್ದ.

ಮರುದಿನ ನಾನು ವಿಚಾರಿಸಿದೆ, ಅದು ನನ್ನ ಕೆಲಸದ ಅಭ್ಯಾಸ. ಸಾಕು ಎಂದು ನೀನು ಹೇಳಿದ್ದ ಆ ಒಬ್ಬ ಕೇಳುಗನನ್ನು ಹುಡುಕುತ್ತಿದ್ದೆ. “ನಿಮ್ದು ಚಲೋ ಆಯ್ತು, ಲೈಟ್ ಸೆಟ್ ಮಾಡೂಕೆ ಟೈಮ್ ಸಿಕ್ತು” ಅಂದ ಜಗದೀಶ. ಐಸ್‌ಕ್ರೀಮಿನವನು ಯೋಚಿಸಿ ಹೇಳಿದ: “ಡಬಡಬ ಅಂತಿತ್ತಲ್ಲ? ನಾ ಮೈಕ್ ಟೆಸ್ಟಿಂಗ್ ಅಂದ್ಕಂಡೆ.” ಮುಂದಿನ ಸಾಲಿನಲ್ಲಿದ್ದ ಪರಿಚಯದವರಿಗೆ ನಾವು ನುಡಿಸಿದ್ದೇ ನೆನಪಿರಲಿಲ್ಲ. ಕಂಬದ ಹತ್ತಿರ ನಿಂತು ನಮ್ಮತ್ತಲೇ ನೋಡುತ್ತಿದ್ದ ಒಬ್ಬನನ್ನು ಪತ್ತೆ ಮಾಡಿದೆ. ಅವನು ವಿದ್ಯುತ್ ಗುತ್ತಿಗೆದಾರನ ಆಳು, ವೇದಿಕೆಯ ವೈರು ಬಿಸಿಯಾಗುತ್ತಿದೆಯೇ ಎಂದು ನೋಡುತ್ತಿದ್ದ.

ಆದ್ದರಿಂದ ಉತ್ತರ: ಇಲ್ಲ. ಚಪ್ಪಾಳೆ ನಮಗಲ್ಲ. ಒಬ್ಬರೂ ಕೇಳಲಿಲ್ಲ. ಆಯಿಯನ್ನು ಲೆಕ್ಕಕ್ಕೆ ಹಿಡಿಯೋಣವೆಂದರೆ ಅವಳೇ ಒಪ್ಪುವುದಿಲ್ಲ.

ನಿನ್ನೆ ಅವಳು ಮೀನು ಹೊತ್ತು ನಮ್ಮ ಬಾಗಿಲಿಗೆ ಬಂದಿದ್ದಳು. ನಿನಗೆ ಖರೇ ಬರೆಯುತ್ತೇನೆ ಎಂದೆ. ಬೇಡವೆನ್ನಲಿಲ್ಲ. ಸದ್ದು ಹೋದದ್ದು ನಿನಗೆ ಗೊತ್ತಾಗಲಿಲ್ಲವಾ, ಬಟ್ಟೆ ಯಾಕೆ ಇಳಿಸಲಿಲ್ಲ ಎಂದು ಕೇಳಿದೆ. ಕೆಂಪು ಬಟ್ಟೆಯನ್ನು ಸಿಂಬಿ ಸುತ್ತುತ್ತ, ನನ್ನ ಮುಖ ನೋಡದೆ ಅಂದಳು: “ಬಲೆ ಖಾಲಿ ಅದ್ಯೆ ಅಂತ ಹಗ್ಗ ಹಿಡ್ದ ಕೈಗೆ ಮೊದ್ಲೇ ಗೊತ್ತಾಗ್ತದೆ ತಮಾ. ಆದ್ರೂ ನೀರಲ್ಲೇ ಬಿಟ್ಟು ಬರ್ತ್ರನಾ? ಎಳ್ದು ದಡಕ್ಕೆ ಹಾಕೂದೇ.”

ನಾನೂ ಎಳೆದು ಹಾಕಿದ್ದೇನೆ. ಖಾಲಿ ಬಲೆ ನಿನ್ನ ಮುಂದಿದೆ, ನೋಡಿಕೋ. ಡ್ರಮ್ಮುಗಳ ಉಪ್ಪು ಒರೆಸಿ ಇಟ್ಟಿದ್ದೇನೆ. ಭಜನೆಯವರು ಬುಧವಾರ ಟೆಂಪೋ ತರುತ್ತಾರೆ.

ನೀನು ಹೋದಷ್ಟು ಸಲವೂ ಕಡಲು ನಿನ್ನನ್ನು ದಂಡೆಗೆ ತಂದು ಮುಟ್ಟಿಸಲಿ.

ಇಷ್ಟೇ ಹೇಳಬಲ್ಲ ನಿನ್ನ,
ಶಿವಾನಂದ