ಮದುವೆಯ ದಿನ ನಿಲ್ಲಿಸಿದ ಎಂಜಿನ್

ಅಪ್ಪಾ, ನನ್ನ ಮದುವೆಯಾಯಿತು! ಕ್ಯಾಲಮ್ ಈಗ ನನ್ನ ಗಂಡ. ದಿನಕ್ಕೆ ಹತ್ತು ಸಲ ಹಾಗೆ ಹೇಳಿಕೊಂಡು ಒಬ್ಬಳೇ ನಗುತ್ತೇನೆ. ಮಾರ್ಚಿನಲ್ಲಿ ನಿನ್ನನ್ನು ಮಣ್ಣು ಮಾಡಿ ಬಂದವಳು ಇದನ್ನು ಯಾವ ವಿಳಾಸಕ್ಕೆ ಕಳಿಸಲಿ? ಆದರೂ ಶನಿವಾರ ನಡೆದದ್ದನ್ನು ನಿನಗೇ ಹೇಳಬೇಕು.

ಊಟ ಮುಗಿದದ್ದೇ ಎಲ್ಲರೂ ನಮ್ಮ ಟರ್ಬೊ ಕಾರಿನ ಸುತ್ತ ನೆರೆದರು. ಮದುಮಗಳು ನಿಂತಲ್ಲೇ ಚಕ್ರ ತಿರುಗಿಸಿ, ಟೈರು ಸುಟ್ಟು ಹೊಗೆ ಎಬ್ಬಿಸದೆ ಕಾರು ಹುಚ್ಚಿನ ನಮ್ಮವರ ಮದುವೆ ಮುಗಿಯುವುದುಂಟೇ! ಬಿಳಿ ಗೌನನ್ನು ಮುದುರಿಕೊಂಡು ಕುಳಿತು ಆಕ್ಸಿಲರೇಟರ್ ತುಳಿದೆ. ಎಂಜಿನ್ ಕಿರುಚಿತು. ಎಂಜಿನ್ ಆಯಿಲಿನ ಒತ್ತಡ ತೋರಿಸುವ ಮುಳ್ಳು ಒಮ್ಮೆ ನಡುಗಿತು. ಎಂಜಿನ್ ನಿಲ್ಲಿಸಿಬಿಟ್ಟೆ.

"ಏನಮ್ಮಾ ಬ್ರಿಡೀ, ಟೈರು ಮೊಮ್ಮಕ್ಕಳಿಗೆ ಉಳಿಸ್ತಿದೀಯಾ?" ಎಂದು ನೆವಿಲ್ ಮಾವ ಕೂಗಿದ.

"ಅರ್ಧ ನಿಮಿಷ ಅಷ್ಟೇ ಕಣೇ, ಎಲ್ಲಾ ನೋಡ್ತಿದಾರೆ," ಎಂದು ಕ್ಯಾಲಮ್ ಕಿಟಕಿಗೆ ಬಾಗಿದ.

"ಆಗಲ್ಲ. ಮೊದಲು ಆಯಿಲ್ ಪಂಪ್ ಬಿಚ್ಚಿ ನೋಡ್ಬೇಕು."

ಅವನ ಮುಖ ಕೆಂಪಾಯಿತು. ಭಾನುವಾರವಿಡೀ ನಮ್ಮಿಬ್ಬರಲ್ಲಿ ಮಾತಿಲ್ಲ.

ಸೋಮವಾರ ಬಿಚ್ಚಿದೆವು. ಆಯಿಲ್ ಪಂಪಿನ ಗೇರಿನಲ್ಲಿ ಕೂದಲೆಳೆಯಷ್ಟು ಬಿರುಕು! ಇನ್ನೊಮ್ಮೆ ತುಳಿದಿದ್ದರೆ ಎಂಜಿನ್ನೇ ಹೋಗುತ್ತಿತ್ತು. ಕ್ಯಾಲಮ್ ಅದನ್ನು ಬೆಳಕಿಗೆ ಹಿಡಿದು, "ನಿಮ್ಮಪ್ಪ ಹೇಳಿದ್ರಲ್ವಾ?" ಎಂದ.

ನೀನು ಹೇಳಿದ್ದೆ, ಕಳೆದ ಕ್ರಿಸ್‌ಮಸ್ಸಿಗೆ, ಆ ಗೇರನ್ನು ಮುರಿಯುವ ಮೊದಲೇ ಬದಲಿಸು ಎಂದು. "ಚೆನ್ನಾಗಿ ಓಡ್ತಿರೋ ಎಂಜಿನ್ ಬಿಚ್ಚೋಕೆ ನಿನಗೇನು ಹುಚ್ಚಾ?" ಎಂದು ನಾನು ಊಟವನ್ನೂ ಮಾಡದೆ ಹೊರಟು ಬಂದಿದ್ದೆ. ಆಮೇಲೆ ಮನೆಗೆ ಬಂದದ್ದು ಮಾರ್ಚಿನಲ್ಲಿ, ನಿನ್ನನ್ನು ಮಣ್ಣು ಮಾಡಲು.

ನನಗೆಂದು ನೀನು ತರಿಸಿದ್ದ ಉಕ್ಕಿನ ಗೇರು ನಿನ್ನ ಶೆಡ್ಡಿನಲ್ಲೇ ಇದೆಯಂತೆ, ಅಮ್ಮ ಹೇಳಿದಳು. ಕಾರು ಬಿಚ್ಚಿ ಬಿದ್ದಿದೆ. ಆ ಗೇರು ಒಯ್ಯಲು ಶುಕ್ರವಾರ ಸಿಡ್ನಿಯಿಂದ ಬೆಳಿಗ್ಗೆ ಹೊರಡುವ ರೈಲಿಗೆ ನಮ್ಮೂರು ಡಬ್ಬೋಗೆ ಬರುತ್ತೇನೆ.